ಅಪಾಯ ಯಾವುದು, ಬಿಲ್ಲೆ ಯಾರ ಕೊರಳಿಗೆ?

ಅಪಾಯಕ್ಕೆ ಗುರುತು ಹಾಕುವ ವಿದ್ಯೆ ಕಾರ್ಖಾನೆಗಳ ಜೊತೆ ಹಡಗು ಹತ್ತಿ ಬಂತು ಅಂತ ನಮ್ಮ ಇಂಜಿನಿಯರುಗಳು ತಿಳಿದುಕೊಂಡಿದ್ದಾರೆ. ತಪ್ಪು. ಈ ಪುಣ್ಯಭೂಮಿಗೆ ಆ ವಿದ್ಯೆ ಯಾವತ್ತೋ ಕರಗತವಾಗಿತ್ತು. 5ನೇ ಶತಮಾನದಲ್ಲಿ ಇಲ್ಲಿಗೆ ಬಂದ ಚೀನಾದ ಯಾತ್ರಿಕ ಫಾಹಿಯಾನ್ ಬರೆದಿಟ್ಟಿದ್ದಾನೆ: ಚಂಡಾಲರು ಊರೊಳಗೆ, ಸಂತೆಯೊಳಗೆ ಕಾಲಿಡುವಾಗ ಮರದ ತುಂಡು ಬಡಿದು ಸದ್ದು ಮಾಡಬೇಕಿತ್ತು, ಕೇಳಿದವರು ದೂರ ಸರಿಯಲಿ ಅಂತ. ಅದು ಸೈರನ್ನು. ಪೇಶ್ವೆಗಳ ಆಳ್ವಿಕೆಯಲ್ಲಿ ಅಸ್ಪೃಶ್ಯನಾದವನು ಮಣಿಕಟ್ಟಿಗೋ ಕೊರಳಿಗೋ ಕರಿದಾರ ಕಟ್ಟಿಕೊಳ್ಳಬೇಕಿತ್ತು. ಪುಣೆಯಲ್ಲಿ ಹೆಜ್ಜೆ ಗುಡಿಸೋಕೆ ಸೊಂಟಕ್ಕೆ ಪೊರಕೆ, ಉಗುಳೋಕೆ ಕೊರಳಿಗೆ ಮಡಕೆ. ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಇದನ್ನೆಲ್ಲ ಎತ್ತಿ ತೋರಿಸಿದ್ದಾರೆ. ಅದು ಬಣ್ಣದ ಸಂಕೇತ, ಅದು ಬಿಲ್ಲೆ.

ಒಂದೇ ವ್ಯತ್ಯಾಸ. ಕಾರ್ಖಾನೆಯವನು ಬಿಲ್ಲೆಯನ್ನು ಅಪಾಯಕ್ಕೆ ಕಟ್ಟಿದ. ಇವರು ಮನುಷ್ಯನಿಗೆ ಕಟ್ಟಿದರು. ನಾವೇ ಅಪಾಯ! ನಮ್ಮ ನೆರಳೇ ವಿಷಾನಿಲ, ನಮ್ಮ ಉಗುಳೇ ಆಸಿಡ್ಡು!

ಇವತ್ತು ಯಾವುದಾದರೂ ದೊಡ್ಡ ಕಾರ್ಖಾನೆಯ ಗೇಟು ದಾಟಿ ನೋಡಿ. ಕೆಂಪು ವೃತ್ತಕ್ಕೆ ಅಡ್ಡಗೆರೆ ಎಳೆದಿದ್ದರೆ ಕೂಡದು ಅಂತ. ಹಳದಿ ತ್ರಿಕೋನ ಇದ್ದರೆ ಹುಷಾರು ಅಂತ. ನೀಲಿ ವೃತ್ತ ಇದ್ದರೆ ಟೋಪಿಯೋ ಕನ್ನಡಕವೋ ಹಾಕಲೇಬೇಕು ಅಂತ. ಹಸಿರು ಬೋರ್ಡು ತಪ್ಪಿಸಿಕೊಳ್ಳುವ ದಾರಿ. ಕ್ಲೋರಿನ್ ಸಿಲಿಂಡರಿನ ಮೈ ಹಳದಿ. ಆಮ್ಲಜನಕದ್ದು ಕಪ್ಪು ಮೈ. ಓದು ಬಾರದವನಿಗೂ ತಿಳಿಯಲಿ ಅಂತಲೇ ಈ ಬಣ್ಣ, ಈ ಚಿತ್ರ. ಇದನ್ನು ನಾವು ಗೇಲಿ ಮಾಡ್ತಾ ಇಲ್ಲ. ಅಕ್ಷರದಿಂದ ದೂರ ಇಡಲ್ಪಟ್ಟ ಜನಕ್ಕೆ ಅಕ್ಷರ ಬೇಡದ ಭಾಷೆ ಎಷ್ಟು ದೊಡ್ಡದು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಲ್ಲಿರುವ ನಿಯಮಗಳಲ್ಲೆಲ್ಲ ನಮಗೆ ಹಿಡಿಸಿದ್ದು ಬೀಗ ಮತ್ತು ಚೀಟಿಯ ನಿಯಮ. ಯಂತ್ರದ ಹೊಟ್ಟೆಯೊಳಗೆ ರಿಪೇರಿಗೆ ಇಳಿಯುವವನು ಮೊದಲು ಸ್ವಿಚ್ಚು ಆರಿಸಿ, ಅದಕ್ಕೆ ತನ್ನದೇ ಬೀಗ ಜಡಿದು, ತನ್ನ ಹೆಸರಿನ ಚೀಟಿ ನೇತುಹಾಕಬೇಕು. ಬೀಗದ ಕೈ ಅವನ ಜೇಬಿನಲ್ಲಿ. ಅವನು ಹೊರಗೆ ಬರುವ ತನಕ ಯಾವ ದೊಡ್ಡ ಸಾಹೇಬನೂ ಸ್ವಿಚ್ಚು ಒತ್ತುವಂತಿಲ್ಲ. ಎಲ್ಲ ಕಡೆಯೂ ಹೀಗೇ ನಡೆಯುತ್ತೆ ಅಂತ ನಂಬುವಷ್ಟು ಪೆದ್ದರಲ್ಲ ನಾವು. ಆದರೆ ನಿಯಮ ಅಂತೂ ಇದೆ. ಕೂಲಿಯವನ ಹೆಸರಿನ ಮುಂದೆ ಒಡೆಯ ಕೈ ಕಟ್ಟಿ ನಿಲ್ಲಬೇಕಾದ ಒಂದು ಜಾಗ ಇದೆ.

ಈಗ ಗೇಟಿನಿಂದ ಆಚೆ ಬನ್ನಿ. ಬೀದಿಯ ನಡುವೆ ಒಂದು ದುಂಡು ಮುಚ್ಚಳ. ಅದಕ್ಕೆ ಯಾವ ಬಣ್ಣ? ಯಾವ ಚಿತ್ರ? ಯಾರ ಬೀಗ? ಏನೂ ಇಲ್ಲ. ಅದರ ಹೆಸರೇ ಅದರ ಬೋರ್ಡು: ಮ್ಯಾನ್‌ಹೋಲ್. ಮನುಷ್ಯ ಇಳಿಯುವ ತೂತು. ಯಾವ ಮನುಷ್ಯ ಅಂತ ಬರೆಯಬೇಕಾಗಿಲ್ಲ, ಊರಿಗೆಲ್ಲ ಗೊತ್ತು.

ಆ ತೂತಿನೊಳಗೆ ಹೈಡ್ರೋಜನ್ ಸಲ್ಫೈಡ್ ಅನ್ನೋ ಅನಿಲ ಇರುತ್ತೆ. ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತೆ. ಮೇಲೆ ನಿಂತವನಿಗೆ ಏನೂ ಅನ್ನಿಸೋದಿಲ್ಲ. ಕೆಳಗಿಳಿದು ಕೆಸರು ಕಲಕಿದವನ ಮೂಗಿಗೇ ಅದು ಏಳೋದು. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು ಆಗೋ ಹೊತ್ತಿಗೆ ಅದು ಮೂಗನ್ನೇ ಸಾಯಿಸುತ್ತೆ, ನಾತ ತಿಳಿಯೋದು ನಿಂತುಹೋಗುತ್ತೆ. ಇಳಿದವನು 'ವಾಸನೆ ಹೋಯ್ತು, ಪರವಾಗಿಲ್ಲ' ಅಂದುಕೊಳ್ತಾನೆ. ಅದು ಇನ್ನೂ ಏರಿದರೆ ಒಂದೆರಡು ಉಸಿರಿಗೆ ಬಿದ್ದ. ಅವನನ್ನು ಎತ್ತೋಕೆ ತಮ್ಮ ಇಳಿದ, ತಮ್ಮನನ್ನು ಎತ್ತೋಕೆ ಭಾವ ಇಳಿದ. ನಮ್ಮ ಕೇರಿಗಳಿಗೆ ಎರಡೆರಡು ಮೂರುಮೂರು ಹೆಣ ಒಟ್ಟಿಗೆ ಬರೋದು ಹೀಗೆ.

ನಿಮ್ಮ ಅಡಿಗೆಮನೆಯ ಗ್ಯಾಸಿಗೆ ತನ್ನದೇ ವಾಸನೆ ಅಷ್ಟಾಗಿ ಇಲ್ಲ. ಸೋರಿದರೆ ಮನೆಯವರಿಗೆ ತಿಳಿಯಲಿ ಅಂತ ಈಥೈಲ್ ಮರ್ಕ್ಯಾಪ್ಟಾನ್ ಅನ್ನೋ ನಾತದ ವಸ್ತುವನ್ನು ಬೇಕೆಂದೇ ಬೆರೆಸ್ತಾರೆ. ಒಲೆಯ ಮುಂದೆ ನಿಂತವರ ಜೀವಕ್ಕೆ ವಾಸನೆಯನ್ನೇ ಎಚ್ಚರಿಕೆಯ ಗಂಟೆ ಮಾಡಿದ ವಿಜ್ಞಾನ, ಆ ಮನೆಯ ಕಕ್ಕಸಿನ ಕೊಳವೆ ಹೋಗಿ ಮುಟ್ಟುವ ಜಾಗದಲ್ಲಿ ಯಾಕೆ ಬಾಯಿ ಮುಚ್ಚಿಕೊಂಡಿತು? ಅನಿಲ ಅಳೆಯುವ ಯಂತ್ರ ಅಂಗೈಯಷ್ಟು ಚಿಕ್ಕದು. ಅದು ಕೂಗಿದರೆ ಇಳಿಯಬಾರದು, ಅಷ್ಟೆ. ಮೇಸ್ತ್ರಿ ಮಾತ್ರ ಬೆಂಕಿಕಡ್ಡಿ ಗೀರಿ ನೋಡು ಅಂತಾನೆ. ಒಳಗೆ ಮೀಥೇನ್ ತುಂಬಿದ್ದರೆ ಆ ಕಡ್ಡಿಯೇ ಚಿತೆ.

ಕಾನೂನು ಇರಲಿಲ್ಲವೇ? 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲಿ ಇತ್ತು: ಗುಂಡಿಯೊಳಗೆ, ತೊಟ್ಟಿಯೊಳಗೆ ಮನುಷ್ಯನನ್ನು ಇಳಿಸಬೇಕಾದರೆ ಬಲ್ಲವನೊಬ್ಬ ತಾನೇ ಅನಿಲ ಪರೀಕ್ಷಿಸಿ ಲಿಖಿತ ಸರ್ಟಿಫಿಕೇಟ್ ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಲಕರಣೆ, ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಹೊರಗಿನವನ ಕೈಯಲ್ಲಿ. ಒಳ್ಳೆ ಮಾತು. ಆದರೆ ಬೀದಿಯ ಚರಂಡಿ ಕಾರ್ಖಾನೆ ಅಲ್ಲವಲ್ಲ! 1970ರ ದಶಕದ ಮೊದಲಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಮೇಲೆ ಮಲ ಹೊರೋದನ್ನು ನಿಲ್ಲಿಸಿ ಅಂದರು. ಹೊರೆ ತಲೆಯಿಂದ ಇಳಿಯಿತು, ತಲೆಯೇ ಗುಂಡಿಗೆ ಇಳಿಯಿತು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಎರಡನೆಯದು 'ಅಪಾಯಕಾರಿ ಶುಚಿಗೊಳಿಸುವಿಕೆ'ಯನ್ನು ನಿಷೇಧಿಸಿತು. ಆದರೆ ಅಪಾಯಕಾರಿ ಅಂದರೆ ಏನು? ಸುರಕ್ಷಾ ಸಲಕರಣೆ ಕೊಡದೆ ಇಳಿಸಿದರೆ ಮಾತ್ರ ಅಪಾಯವಂತೆ. ಒಂದು ಕೈಗವಸು, ಒಂದು ಬೂಟು ಕೊಟ್ಟು ಫೋಟೋ ಹಿಡಿದರೆ ಕಂಟ್ರಾಕ್ಟರನಿಗೆ ವಾದಿಸೋಕೆ ದಾರಿ ಸಿಕ್ಕಿತು. ಸತ್ತ ಮೇಲೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ಅಂದಿತು, 2023ರಲ್ಲಿ 30 ಲಕ್ಷ ಅಂದಿತು. ಹೆಣದ ಬೆಲೆ ಏರಿದೆ.

ಇನ್ನೊಂದು ನೋಡಿ. ಮುಚ್ಚಳ ತೆಗೆದಾಗ ಸುತ್ತ ಕೆಂಪು ಬಿಳಿ ಬಳಿದ ಪ್ಲಾಸ್ಟಿಕ್ಕಿನ ಕೋನು ಇಡ್ತಾರೆ. ಅದರ ಮುಖ ಯಾರ ಕಡೆ? ರಸ್ತೆಯ ಕಡೆ. ಸ್ಕೂಟರಿನವನು ಬೀಳದಿರಲಿ ಅಂತ. ನಮ್ಮವನ ಮೈಮೇಲೆ ಮಿಂಚುವ ಅಂಗಿ ಹಾಕಿಸ್ತಾರಲ್ಲ, ಅದೂ ಕಾರಿನವನ ಕಣ್ಣಿಗೆ. ಗುಂಡಿಯೊಳಗೆ ಆ ಅಂಗಿ ಯಾರಿಗೆ ಮಿಂಚಬೇಕು?

ಹೊಲದಲ್ಲೂ ಇದೇ ಕಥೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಔಷಧಿ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರಬೇಕು: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕಾರ್ಖಾನೆಯ ಬೋರ್ಡಿನಲ್ಲಿ ಹಸಿರು ಅಂದರೆ ಕ್ಷೇಮ, ಡಬ್ಬಿಯ ಮೇಲಿನ ಹಸಿರು ಆಗಲೂ ವಿಷವೇ. ಇರಲಿ, ಡಬ್ಬಿ ನೋಡಿದವರಾದರೂ ಯಾರು? ಡಬ್ಬಿ ಗೌಡರ ಕೊಟ್ಟಿಗೆಯಲ್ಲಿ. ಆಳಿನ ಕೈಗೆ ಬರೋದು ಬಕೆಟ್ಟಿನಲ್ಲಿ ಕಲಸಿದ ಹಾಲಿನಂಥ ನೀರು. ತ್ರಿಕೋನ ಒಡೆಯನ ಮನೆಯಲ್ಲಿ, ವಿಷ ನಮ್ಮ ಬೆನ್ನ ಮೇಲೆ.

ನಮ್ಮ ಗೆಳೆಯರಲ್ಲೇ ಕೆಲವರು ಕೇಳ್ತಾರೆ: ಮ್ಯಾನ್‌ಹೋಲಿಗೆ ಎಚ್ಚರಿಕೆ ಬೋರ್ಡು ಕೇಳಿದರೆ ಇಳಿಯೋದನ್ನು ಒಪ್ಪಿಕೊಂಡ ಹಾಗಲ್ಲವಾ? ಸರಿಯಾದ ಪ್ರಶ್ನೆ. ಆದ್ದರಿಂದಲೇ ನಾವು ಹಳದಿ ಕೇಳ್ತಾ ಇಲ್ಲ. ಹಳದಿ ಅಂದರೆ 'ಹುಷಾರಾಗಿ ಇಳಿ'. ನಮಗೆ ಬೇಕಾದ್ದು ಕೆಂಪು: ಮನುಷ್ಯನ ಚಿತ್ರ, ಅಡ್ಡಗೆರೆ, ಇಳಿಯುವಂತಿಲ್ಲ. 2023ರ ಬಜೆಟ್ ಭಾಷಣದಲ್ಲಿ ದಿಲ್ಲಿಯ ಹಣಕಾಸು ಮಂತ್ರಿಗಳು ಇನ್ನು ಮ್ಯಾನ್‌ಹೋಲ್ ಹೋಗಿ ಮಷೀನ್‌ಹೋಲ್ ಆಗುತ್ತೆ ಅಂದರು. ಹಾಗಾದರೆ ಅದನ್ನು ಮುಚ್ಚಳದ ಮೇಲೆ ಎರಕ ಹೊಯ್ಯಿರಿ. ಕನ್ನಡದಲ್ಲಿ ಹೊಯ್ಯಿರಿ, ಕೆಂಪು ಬಳಿಯಿರಿ, ಬೀಗ ಜಡಿಯಿರಿ. ಕಾರ್ಖಾನೆಯ ಚೀಟಿಯ ಮೇಲೆ ಕೆಲಸಗಾರನ ಹೆಸರಿರುತ್ತೆ. ಈ ಬೀಗದ ಚೀಟಿಯ ಮೇಲೆ ಆ ವಾರ್ಡಿನ ಇಂಜಿನಿಯರನ ಹೆಸರಿರಲಿ. ಒಳಗೆ ಹೆಣ ಬಿದ್ದ ದಿನ 'ತಾನಾಗಿಯೇ ಇಳಿದ' ಅಂತ ಪಂಚನಾಮೆ ಬರೆಯೋಕೆ ಬಂದ ಪೊಲೀಸು ಮೊದಲು ಆ ಹೆಸರು ಓದಲಿ.

ಅಲ್ಲಿಯವರೆಗೆ ಕೇರಿಯ ಅಣ್ಣತಮ್ಮಂದಿರಿಗೆ ಒಂದು ಮಾತು. ನಸುಕಿಗೆ ಮೇಸ್ತ್ರಿ ಬಾಗಿಲು ಬಡಿದು, 'ಐದು ನಿಮಿಷದ ಕೆಲಸ, ಒಂದು ಕ್ವಾರ್ಟರು ಕೊಡಿಸ್ತೀನಿ' ಅಂದರೆ ಕೇಳಿ: ಮಷೀನು ಎಲ್ಲಿ? ಅನಿಲ ಅಳೆದವರು ಯಾರು? ಸಹಿ ಮಾಡಿದ ಕಾಗದ ಎಲ್ಲಿ? ಕಾಗದ ಇಲ್ಲ ಅಂದರೆ ಬಾಗಿಲು ಹಾಕಿಕೊಂಡು ಮಲಗಿ. ಪಕ್ಕದ ಮನೆಯವನನ್ನು ಎಬ್ಬಿಸೋಕೆ ಹೋದರೆ, ಅವನಿಗೂ ಕೂಗಿ ಹೇಳಿ.