ಎತ್ತಿಟ್ಟದ್ದೋ, ಎತ್ತಂಗಡಿಯೋ?

ಮಾಸ್ಕೋದಲ್ಲಿ ಬಾಡಿಗೆಗೆ ಮನೆ ಹಿಡಿಯುವವರು ಬಳಸುವ ಕ್ರಿಯಾಪದ ‘ಸ್ನ್ಯಾತ್’. ಚಳಿಗಾಲದ ಕೋಟು ಕಳಚುವುದಕ್ಕೂ ಅದೇ ಪದ. ಸಿನಿಮಾ ತೆಗೆಯುವುದಕ್ಕೆ, ಹಾಲಿನ ಕೆನೆ ತೆಗೆಯುವುದಕ್ಕೆ, ಖಾತೆಯಿಂದ ದುಡ್ಡು ತೆಗೆಯುವುದಕ್ಕೆ, ಮಂತ್ರಿಯನ್ನು ಕುರ್ಚಿಯಿಂದ ಇಳಿಸುವುದಕ್ಕೆ, ಎಲ್ಲಕ್ಕೂ ಅದೇ. ಇಷ್ಟು ಸವೆದ ದಿನಬಳಕೆಯ ಮಾತನ್ನು ‘ಸ್ನ್ಯಾತಿಯೆ’ ಎಂಬ ನಾಮಪದವಾಗಿಸಿ, ಜರ್ಮನ್ ತತ್ತ್ವಶಾಸ್ತ್ರದ ತುಂಟ ಪದವೊಂದರ ಹೊರೆಯನ್ನು ರಷ್ಯನ್ ಅನುವಾದಕರು ಅದರ ತಲೆಗೇರಿಸಿದರು.

ಆ ಜರ್ಮನ್ ಪದ ಹೆಗೆಲ್‌ನ ‘ಔಫ್‌ಹೇಬನ್’. ಅದೂ ಮನೆಮಾತೇ. ನೆಲಕ್ಕೆ ಬಿದ್ದದ್ದನ್ನು ಎತ್ತುವುದು, ನಾಳೆಗಿರಲಿ ಎಂದು ಇಟ್ಟುಕೊಳ್ಳುವುದು, ಕಾನೂನೊಂದನ್ನು ರದ್ದು ಮಾಡುವುದು, ಮೂರನ್ನೂ ಜರ್ಮನರು ಇದೊಂದರಲ್ಲೇ ಹೇಳುತ್ತಾರೆ. 1812ರಿಂದ ಸಂಪುಟಗಳಾಗಿ ಹೊರಬಂದ ‘ತರ್ಕವಿಜ್ಞಾನ’ದಲ್ಲಿ ಹೆಗೆಲ್ ಈ ಪದಕ್ಕೆಂದೇ ಒಂದು ಟಿಪ್ಪಣಿ ಮೀಸಲಿಟ್ಟ. ಉಳಿಸುವುದು ಮತ್ತು ಕೊನೆಗಾಣಿಸುವುದು ಒಂದೇ ಪದದಲ್ಲಿ ಜಗಳವಾಡದೆ ಕೂತಿವೆಯಲ್ಲ ಎಂಬುದೇ ಅವನ ಸಂತೋಷ. ಮೊಗ್ಗು ಅರಳಿದಾಗ ಮೊಗ್ಗು ಇಲ್ಲವಾಗುತ್ತದೆ. ಆದರೆ ಹೂವಿನಲ್ಲಿ ಇರುವುದೆಲ್ಲ ಅದರದ್ದೇ. ಸತ್ತಿತು ಎನ್ನುವಂತಿಲ್ಲ, ಹಾಗೇ ಇದೆ ಎನ್ನುವಂತೆಯೂ ಇಲ್ಲ. ಹೆಗೆಲ್‌ನ ಇಡೀ ವಿಚಾರಸರಣಿ ಇಂಥ ತಿರುವುಗಳಲ್ಲೇ ಮುಂದೆ ಸಾಗುತ್ತದೆ.

ಇಂಗ್ಲಿಷಿನವರು ಲ್ಯಾಟಿನ್ ಬೇರಿನ ‘ಸಬ್ಲೇಷನ್’ ಎಂಬುದನ್ನು ಆರಿಸಿಕೊಂಡರು. ಅರ್ಥ ಕರಾರುವಾಕ್ಕಾಗಿದೆ, ಆದರೆ ಯಾವ ತಾಯಿಯೂ ಮಗುವಿಗೆ ಆಟಿಕೆಗಳನ್ನು ‘ಸಬ್ಲೇಟ್’ ಮಾಡು ಎನ್ನುವುದಿಲ್ಲ. ರಷ್ಯನ್ನರು ಹಿಡಿದದ್ದು ಇದಕ್ಕೆ ಪೂರ್ತಿ ಎದುರಿನ ದಾರಿ. ಅದೇ ಸರಿಯಾದ ದಾರಿಯಾಗಿತ್ತು.

ಸುಲಭಕ್ಕೆ ಸಿಕ್ಕ ದಾರಿಯೇನೂ ಅಲ್ಲ. 1830ರ ದಶಕದಲ್ಲಿ ಮಾಸ್ಕೋದ ಸ್ಟಾಂಕೆವಿಚ್ ಗೆಳೆಯರ ಬಳಗಕ್ಕೆ ಹೆಗೆಲ್ ಜ್ವರ ಹತ್ತಿದಾಗ, ಅವರಾಡುತ್ತಿದ್ದ ರಷ್ಯನ್ ಅರ್ಧಕ್ಕರ್ಧ ಜರ್ಮನ್ ಆಗಿತ್ತಂತೆ. ಬೇರು ಜರ್ಮನ್ನಿನದು ಇಲ್ಲವೇ ಲ್ಯಾಟಿನ್ನಿನದು, ಪ್ರತ್ಯಯ ಮಾತ್ರ ರಷ್ಯನ್ನಿನದು. ಜೀವದ ಗೆಳೆಯರು ಒಂದು ಪರಿಭಾಷೆಯ ವ್ಯಾಖ್ಯೆಗಾಗಿ ವಾರಗಟ್ಟಲೆ ಮಾತು ಬಿಟ್ಟದ್ದನ್ನು ರಷ್ಯನ್ ಲೇಖಕ ಹೆರ್ಜೆನ್ ತನ್ನ ನೆನಪುಗಳಲ್ಲಿ ಚುಚ್ಚಿ ಚುಚ್ಚಿ ಬರೆದಿದ್ದಾನೆ. ಆ ಎಡಬಿಡಂಗಿ ಭಾಷೆಯಿಂದ ‘ಸ್ನ್ಯಾತಿಯೆ’ಯಂಥ ಒಂದು ಬರಿಗಾಲಿನ ಪದಕ್ಕೆ ಬರಲು ದಶಕಗಳೇ ಹಿಡಿದವು.

ಅದಕ್ಕೆ ಬೆವರಷ್ಟೇ ಅಲ್ಲ, ರಕ್ತವೂ ಬಿದ್ದಿದೆ. ತತ್ತ್ವಜ್ಞಾನಿ ಗುಸ್ತಾವ್ ಶ್ಪೆತ್‌ನನ್ನು 1935ರಲ್ಲಿ ಬಂಧಿಸಿ ಸೈಬೀರಿಯಾಕ್ಕೆ ಗಡಿಪಾರು ಮಾಡಿದರು. ತೋಮ್‌ಸ್ಕ್ ಊರಿನಲ್ಲಿ ಕೂತು ಅವನು ಹೆಗೆಲ್‌ನ ‘ಚೈತನ್ಯದ ವಿದ್ಯಮಾನಶಾಸ್ತ್ರ’ವನ್ನು ರಷ್ಯನ್ನಿಗೆ ತಂದ. 1937ರ ನವೆಂಬರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಹಸ್ತಪ್ರತಿ ಉಳಿಯಿತು, 1959ರಲ್ಲಿ ಹೆಗೆಲ್ ಕೃತಿಶ್ರೇಣಿಯಲ್ಲಿ ಅಚ್ಚಾಯಿತು. ‘ಸ್ನ್ಯಾತಿಯೆ’ ಎಂದರೆ ಅಳಿಸುವುದೂ ಹೌದು, ಉಳಿಸುವುದೂ ಹೌದು ಎಂದು ರಷ್ಯನ್ ಓದುಗರು ಅವನ ವಾಕ್ಯಗಳಿಂದಲೂ ಕಲಿಯಬಹುದು.

ಹಾಗಾದರೆ ತೊಂದರೆ ಎಲ್ಲಿ? ಬಳಕೆಯಲ್ಲಿ. ಸೋವಿಯತ್ ಕಾಲದಲ್ಲಿ ಎಂಜಿನಿಯರಿಂಗ್ ಓದುವವನೂ ಡಾಕ್ಟರಾಗುವವನೂ ‘ದಿಯಾಮಾತ್’, ಅಂದರೆ ದ್ವಂದ್ವಾತ್ಮಕ ಭೌತಿಕವಾದದ ಪಾಠ ಓದಲೇಬೇಕಿತ್ತು. ಕಾಳು ಅಳಿದು ಗಿಡವಾಗುತ್ತದೆ ಎಂದು ಎಂಗೆಲ್ಸ್ ಹೇಳಿದ ಬಾರ್ಲಿಯ ಉದಾಹರಣೆ ಉರುಹೊಡೆದು, ವಿರೋಧ ‘ಸ್ನ್ಯಾತ್’ ಆಯಿತು ಎಂದು ಬರೆದರೆ ಪಾಸು. ಅತ್ತ ಕಚೇರಿ ಸಭೆಗಳಲ್ಲಿ ಪ್ರಶ್ನೆ ‘ಸ್ನ್ಯಾತ್’ ಆಯಿತು ಎಂದರೆ ಅದರ ಮಾತು ಮುಗಿಯಿತು, ಮುಂದಿನ ವಿಷಯ ಎತ್ತಿಕೊಳ್ಳಿ ಎಂದರ್ಥ. ಕಚೇರಿಯ ಅರ್ಥ ಮೆಲ್ಲಗೆ ತತ್ತ್ವದ ಅರ್ಥವನ್ನು ನುಂಗಿತು. ಉಳಿಸಿಕೊಳ್ಳುವ ಭಾಗ ಬಿದ್ದುಹೋಗಿ, ತೆಗೆದು ಎಸೆಯುವುದಷ್ಟೇ ಉಳಿಯಿತು.

ಮಾರ್ಕ್ಸ್ ಮತ್ತು ಎಂಗೆಲ್ಸರ 1848ರ ಕಮ್ಯುನಿಸ್ಟ್ ಪ್ರಣಾಳಿಕೆಯದು ಇನ್ನೊಂದು ಕತೆ. ಖಾಸಗಿ ಒಡೆತನದ ‘ಔಫ್‌ಹೇಬುಂಗ್’ ಎಂದು ಜರ್ಮನ್ ಮೂಲದಲ್ಲಿದೆ. ಪ್ರಚಲಿತ ರಷ್ಯನ್ ಅನುವಾದದಲ್ಲಿ ಅದು ‘ಉನಿಚ್ತಝೇನಿಯೆ’, ಹೇಳಹೆಸರಿಲ್ಲದಂತೆ ನಾಶಮಾಡುವುದು. ಈ ಒಂದು ಪದವೇ ಸೋವಿಯತ್ ರೈತರ ಹೊಲಗದ್ದೆ ಕಸಿಯಿತು ಎನ್ನುವವರಿದ್ದಾರೆ. ಅದು ಅತಿಯಾಯಿತು. ಎಂಗೆಲ್ಸ್ ತಾನೇ ನೋಡಿ ಒಪ್ಪಿದ 1888ರ ಇಂಗ್ಲಿಷ್ ಅನುವಾದದಲ್ಲೂ ಇರುವುದು ರದ್ದತಿಯೇ. ಸರ್ಕಾರಗಳು ನಿಘಂಟು ತೆರೆದಿಟ್ಟುಕೊಂಡು ಜಮೀನು ಕಿತ್ತುಕೊಳ್ಳುವುದಿಲ್ಲ. ಆದರೂ ರದ್ದು ಬೇರೆ, ನಾಶ ಬೇರೆ. ಒಂದೇ ಜರ್ಮನ್ ಪದ ಹೆಗೆಲ್‌ನ ಪುಟದಲ್ಲಿ ಸೌಮ್ಯವಾಗಿ, ಮಾರ್ಕ್ಸ್‌ನ ಪುಟದಲ್ಲಿ ಕೊಡಲಿ ಹಿಡಿದು ನಿಂತಾಗ, ಎರಡರ ನೆಂಟಸ್ತಿಕೆ ರಷ್ಯನ್ ಓದುಗನ ಕಣ್ಣಿಗೆ ಬೀಳುವುದಾದರೂ ಹೇಗೆ?

‘ಸ್ನ್ಯಾತಿಯೆ’ಯನ್ನೇ ಬದಲಿಸಬೇಕೆನ್ನುವವರ ವಾದದಲ್ಲಿ ಒಂದು ಮಾತು ನಿಜ. ಜರ್ಮನ್ ಪದ ಮೇಲಕ್ಕೆ ಎತ್ತುತ್ತದೆ, ರಷ್ಯನ್ ಪದ ಕೆಳಕ್ಕೆ ಇಳಿಸುತ್ತದೆ. ಆದರೆ ಉಳಿಸುವ ಅರ್ಥ ಅದರಲ್ಲಿ ಇಲ್ಲವೇ ಇಲ್ಲ ಎಂಬುದು ಸುಳ್ಳು. ರಷ್ಯನ್ ರೈತ ಹೊಲದಿಂದ ಫಸಲು ‘ಸ್ನ್ಯಾತ್’ ಮಾಡುತ್ತಾನೆ. ಹೊಲ ಬರಿದಾಗುತ್ತದೆ, ಕಣಜ ತುಂಬುತ್ತದೆ. ಗುಮಾಸ್ತ ಕಾಗದದ ನಕಲು ತೆಗೆಯುವುದೂ ‘ಸ್ನ್ಯಾತ್’. ಪದದ ಚೀಲದಲ್ಲಿ ಎಲ್ಲ ಇದೆ. ಪಾಠ ಹೇಳುವವರು ಕೈ ಹಾಕಿ ಹುಡುಕಲಿಲ್ಲ ಅಷ್ಟೆ.

ಕನ್ನಡಿಗರಿಗೆ ಇದು ದೂರದ ಕತೆಯಾಗಿ ಕಾಣಬೇಕಿಲ್ಲ. ಮೇಲಿನ ಉದಾಹರಣೆಗಳಲ್ಲಿ ಕನ್ನಡದ ‘ತೆಗೆ’ ಹೆಚ್ಚುಕಡಿಮೆ ಎಲ್ಲ ಕಡೆ ತಾನಾಗಿ ಬಂದು ಕೂತದ್ದು ಗಮನಕ್ಕೆ ಬಂದಿರಬಹುದು: ಸಿನಿಮಾ ತೆಗೆ, ಕೆನೆ ತೆಗೆ, ದುಡ್ಡು ತೆಗೆ. ತೆಗೆದುಹಾಕುವುದೂ ತೆಗೆದಿಡುವುದೂ ಒಂದೇ ಬಳ್ಳಿಯ ಕಾಯಿಗಳು. ‘ಎತ್ತು’ ಇನ್ನೂ ಒಂದು ಹೆಜ್ಜೆ ಮುಂದೆ. ಮಗುವನ್ನು ಎತ್ತಿಕೊಳ್ಳುತ್ತೇವೆ, ಹಬ್ಬ ಮುಗಿದ ಮೇಲೆ ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೆ ಎತ್ತಿಡುತ್ತೇವೆ, ಸರ್ಕಾರ ಬದಲಾದ ಮಾರನೆಯ ದಿನ ಅಧಿಕಾರಿಗಳ ಎತ್ತಂಗಡಿಯಾಗುತ್ತದೆ. ಮೇಲೆತ್ತುವುದು, ಕಾದಿಡುವುದು, ಇದ್ದ ಜಾಗದಿಂದ ಕೀಳುವುದು: ಹೆಗೆಲ್ ಬೇಡಿದ ಮೂರೂ ಒಂದೇ ಧಾತುವಿನಲ್ಲಿವೆ. ಆದರೂ ಪಾರಿಭಾಷಿಕ ಪದ ಬೇಕೆಂದಾಗ ನಮ್ಮ ಪಂಡಿತರ ಕೈ ಮೊದಲು ಚಾಚುವುದು ಸಂಸ್ಕೃತದ ಉಪಸರ್ಗಗಳ ಡಬ್ಬಿಯ ಕಡೆಗೇ.

ಒಂದು ಫಜೀತಿಯಂತೂ ಇದೆ. ತರಗತಿಯಲ್ಲಿ ಮೇಷ್ಟರು ಗಂಭೀರವಾಗಿ ‘ಹೆಗೆಲ್‌ನ ಎತ್ತು’ ಎಂದೊಡನೆ, ಹಿಂದಿನ ಬೆಂಚಿನವರಿಗೆ ಮೊದಲು ಕಾಣುವುದು ಎರಡು ಕೊಂಬು.