ಉಪದೇಶವಿದ್ದೂ ವಿವೇಕವೇಕೆ ದುರ್ಲಭ?

ಧರ್ಮೋಪದೇಶದ ಕೊರತೆಯಿಂದ ಕನ್ನಡ ನಾಡು ಬಳಲಿತೆಂದು ಯಾರೂ ಹೇಳಲಾರರು. ಹನ್ನೆರಡನೆಯ ಶತಮಾನದ ಶಿವಶರಣರು ಆಡುಮಾತಿನಲ್ಲಿಯೇ ತತ್ತ್ವವನ್ನು ನುಡಿದು, ಪಂಡಿತ-ಪಾಮರರ ನಡುವಣ ಗೋಡೆಯನ್ನು ಕೆಡವಿದರು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಂತೂ ಗುಡಿಯಿಲ್ಲದ ಊರು ಅಪರೂಪ. ಶ್ರಾವಣ ಬಂದರೆ ಪುರಾಣ-ಪ್ರವಚನ, ಜಾತ್ರೆ ಬಂದರೆ ರಥೋತ್ಸವ, ದಾಸೋಹ. ಇಷ್ಟೆಲ್ಲ ಇದ್ದೂ ಮನುಷ್ಯನ ನಿತ್ಯದ ಬಾಳು ವಿವೇಕದ ಹಾದಿಯನ್ನು ಹಿಡಿಯುತ್ತಿಲ್ಲವೇಕೆ? ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ಹೇಳಿ ನಕ್ಕುಬಿಡುವುದು ಸುಲಭ. ಕಾರಣವನ್ನು ಅರಸುವುದು ಕಷ್ಟ.

ಅಜ್ಞಾನವೇ ಕಾರಣವೆಂಬುದು ಒಂದು ಉತ್ತರ, ಕಪಟವೇ ಕಾರಣವೆಂಬುದು ಇನ್ನೊಂದು. ಎರಡೂ ಪೂರ್ಣ ಸತ್ಯವಲ್ಲವೆಂಬುದಕ್ಕೆ ಸಂಡೂರಿನ ಬೆಟ್ಟಗಳೇ ಸಾಕ್ಷಿ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಚೀನಾ ದೇಶದ ಬೇಡಿಕೆಯಿಂದಾಗಿ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿತು. ಬೆಟ್ಟಗಳಷ್ಟೇ ಅಲ್ಲ, ಬೆಳೆ ಬೆಳೆಯುತ್ತಿದ್ದ ಹೊಲಗಳನ್ನೂ ಅದಿರಿಗಾಗಿ ಬಗೆದರು. ಹಗಲಿರುಳೆನ್ನದೆ ಲಾರಿಗಳು ಓಡಿದವು. ಗಿಡಮರಗಳ ಹಸಿರು ಕೆಂಪು ಧೂಳಿನಲ್ಲಿ ಮುಚ್ಚಿಹೋಯಿತು. ಅಕ್ರಮ ಗಣಿಗಾರಿಕೆಯ ವಿವರಗಳನ್ನು ಲೋಕಾಯುಕ್ತರ ವರದಿಗಳು 2008 ಮತ್ತು 2011ರಲ್ಲಿ ಬಯಲಿಗೆ ತಂದವು. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಮುಂದೆ ಅದಕ್ಕೆ ಮತ್ತೆ ಅವಕಾಶವಿತ್ತಾಗ ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕೆಂಬ ಮಿತಿಯನ್ನೂ ವಿಧಿಸಿತು.

ಆ ವರ್ಷಗಳಲ್ಲಿ ಗುಡಿಗಳ ಪೂಜೆ ನಿಂತಿರಲಿಲ್ಲ, ಪ್ರವಚನಗಳೂ ನಿಂತಿರಲಿಲ್ಲ. ಅತಿಯಾಸೆ ಕೆಟ್ಟದ್ದೆಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ಆಸೆಯು ಪಾಪದ ವೇಷದಲ್ಲಿ ಬರಲಿಲ್ಲ. ಸುಗ್ಗಿಯ ವೇಷದಲ್ಲಿ ಬಂದಿತು. ಬರಗಾಲದಿಂದ ಬೆಂದ ರೈತನಿಗೆ ಹೊಲವನ್ನು ಗುತ್ತಿಗೆಗೆ ಕೊಡುವುದು ಅಧರ್ಮವೆಂದು ತೋರಲಿಲ್ಲ. ಸಾಲ ಮಾಡಿ ಲಾರಿ ಕೊಂಡವನಿಗೆ ಒಂದು ಟ್ರಿಪ್ಪು ಹೆಚ್ಚು ಹೊಡೆಯುವುದು ತಪ್ಪೆಂದು ತೋರಲಿಲ್ಲ. ದೊಡ್ಡ ಸಂಪತ್ತು ಸೇರಿದ್ದು ಇವರ ಮನೆಗಲ್ಲವಾದ್ದರಿಂದ ಹೊಣೆಯನ್ನೆಲ್ಲ ಇವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಒಂದು ಮಾತು ಉಳಿಯುತ್ತದೆ: ದೊಡ್ಡವರಾಗಲಿ ಸಣ್ಣವರಾಗಲಿ, ಇಷ್ಟು ನಮಗೆ ಸಲ್ಲುವುದೇ ಎಂದು ಆ ಹೊತ್ತಿನಲ್ಲಿ ಕೇಳುವ ದನಿ ಎಷ್ಟು ಮನೆಗಳಲ್ಲಿ ಇತ್ತು?

ಶರಣ ಚರಿತ್ರೆಯಲ್ಲಿ ಅಂಥದೊಂದು ದನಿಯಿದೆ. ಆಯ್ದಕ್ಕಿ ಮಾರಯ್ಯನದು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಅದನ್ನು ಕಂಡ ಮಡದಿ ಲಕ್ಕಮ್ಮ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯನೇನೂ ಉಪದೇಶವರಿಯದವನಲ್ಲ, ಬಸವಣ್ಣನವರ ಸಮಕಾಲೀನನಾದ ಶರಣ. ಅಂಥವನಿಗೂ ಎಚ್ಚರದ ಮಾತು ಬೇಕಾಯಿತು. ಆ ಮಾತು ಬಂದದ್ದು ಅನುಭವ ಮಂಟಪದಿಂದಲ್ಲ, ಅಡಿಗೆಮನೆಯ ಬಾಗಿಲಿನಿಂದ. ಮರುದಿನವಲ್ಲ, ಅಕ್ಕಿ ಇನ್ನೂ ಸೆರಗಿನಲ್ಲಿರುವಾಗಲೇ.

ವಿವೇಕವು ದುರ್ಲಭವಾಗುವುದರ ಮರ್ಮ ಇಲ್ಲಿದೆ. ಉಪದೇಶಕ್ಕೆ ಒಂದು ವೇಳೆ, ಒಂದು ಸ್ಥಳ ಗೊತ್ತಾಗಿದೆ, ಪ್ರಲೋಭನೆಗೆ ಅದಿಲ್ಲ. ಅದು ಸಂತೆಯಲ್ಲಿ, ಕಚೇರಿಯಲ್ಲಿ, ತೂಕದ ತಕ್ಕಡಿಯ ಬಳಿಯಲ್ಲಿ ಎದುರಾಗುತ್ತದೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿ ಹಣದ ನಡುವೆಯೇ ಶುದ್ಧರಾಗಿ ಬಾಳಿದರೆಂಬುದನ್ನು ಇಲ್ಲಿ ನೆನೆಯಬೇಕು. ಕಂಪ್ಲಿಯ ಸೀಮೆಯಲ್ಲಿ ಜನ ಇಂದಿಗೂ ಸ್ಮರಿಸುವ ಕುಮಾರರಾಮನ ಕಥೆಯೂ ಇದನ್ನೇ ಸಾರುತ್ತದೆ. ಆತನ ಶೌರ್ಯಕ್ಕೆ ರಣರಂಗ ಪರೀಕ್ಷೆಯಾದರೆ, ಶೀಲಕ್ಕೆ ಪರೀಕ್ಷೆಯಾದದ್ದು ತಂದೆಯ ಅರಮನೆಯಲ್ಲಿ, ಮಲತಾಯಿ ರತ್ನಾಜಿಯ ಎದುರಿನಲ್ಲಿ. ಮನುಷ್ಯ ಬಾಳುವಲ್ಲಿಯೇ ಧರ್ಮದ ಒರೆಗಲ್ಲು ಇರುತ್ತದೆ.

ಕೇಳಿದ ಉಪದೇಶವೆಲ್ಲ ಎಲ್ಲಿ ಹೋಗುತ್ತದೆಂಬುದಕ್ಕೆ ಹೊಸಪೇಟೆಯ ಪಕ್ಕದಲ್ಲಿಯೇ ಒಂದು ನಿದರ್ಶನವುಂಟು. ತುಂಗಭದ್ರಾ ಜಲಾಶಯದಲ್ಲಿ ಮೊದಲಿಗೆ ಸುಮಾರು 133 ಟಿ.ಎಂ.ಸಿ. ಅಡಿ ನೀರು ನಿಲ್ಲುತ್ತಿತ್ತು. ಹೂಳು ತುಂಬುತ್ತ ತುಂಬುತ್ತ ಆ ಸಾಮರ್ಥ್ಯ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಹೊಳೆ ಬತ್ತಲಿಲ್ಲ, ಹಿಡಿದಿಡುವ ತಾಣ ಕುಗ್ಗಿತು. ತುಂಬಿ ಬಂದ ವರ್ಷವೂ ಹೆಚ್ಚಿನ ನೀರು ಕೋಡಿ ಬಾಗಿಲುಗಳನ್ನು ದಾಟಿ ಹರಿದುಹೋಗುತ್ತದೆ. ಮನಸ್ಸಿನ ಗತಿಯೂ ಇದೇ. ಸಣ್ಣ ಸಣ್ಣ ರಾಜಿಗಳ ಹೂಳು ದಿನದಿನವೂ ತಳಕ್ಕಿಳಿಯುತ್ತಿದ್ದರೆ, ಎಷ್ಟು ಪ್ರವಚನ ಸುರಿದರೂ ನಿಲ್ಲುವುದು ಅಷ್ಟಕ್ಕಷ್ಟೇ.

ಮನೆಯವರ ಒಂದು ಮಾತಿನಿಂದ ದೇಶದೇಶಗಳ ವ್ಯಾಪಾರ ನಿಲ್ಲುವುದೇ, ಅದಕ್ಕೆ ಕಾನೂನು ಬೇಡವೇ ಎಂದು ಕೇಳಬಹುದು. ಕಾನೂನು ಬೇಕೇ ಬೇಕು. ಆದರೆ ಸಂಡೂರಿನಲ್ಲಿ ಅದು ಬಂದದ್ದು ಬೆಟ್ಟಗಳು ಗಾಯಗೊಂಡ ಮೇಲೆ. ಒಳಗಿನಿಂದ ಹುಟ್ಟದ ಮಿತಿಯನ್ನು ಕೊನೆಗೆ ನ್ಯಾಯಾಲಯವು ಹೊರಗಿನಿಂದ ಹೇರಬೇಕಾಯಿತು. ಹೊರಗಿನ ಮಿತಿ ತಡವಾಗಿ ಬರುತ್ತದೆ. ಲಕ್ಕಮ್ಮನ ಮಾತು ಹೊತ್ತಿಗೆ ಸರಿಯಾಗಿ ಬರುತ್ತದೆ.

ವಿದ್ಯಾಸಂಸ್ಥೆಗಳ ಹೊಣೆ ಇಲ್ಲಿಂದಲೇ ಆರಂಭವಾಗುತ್ತದೆ. 2019ರಲ್ಲಿ ಹಂಪಿಯ ಪುರಾತನ ಕಂಬವೊಂದನ್ನು ಯುವಕರು ತಳ್ಳಿ ಬೀಳಿಸಿದ ದೃಶ್ಯ ಬೆಳಕಿಗೆ ಬಂದಾಗ ನಾಡೇ ನೊಂದಿತು. ನ್ಯಾಯಾಲಯವು ಅವರಿಗೆ ದಂಡ ವಿಧಿಸಿ, ಬಿದ್ದುದನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೂ ಅವರನ್ನೇ ಹಚ್ಚಿತು. ಕಲ್ಲಿನ ಭಾರವು ಕೈಗೆ ತಿಳಿದಾಗ ಆಗುವ ಬೋಧೆಯು ಭಾಷಣದಿಂದ ಆಗಲಾರದು. ಶರಣರು ಕಾಯಕಕ್ಕೆ ಅಷ್ಟು ಹಿರಿದಾದ ಸ್ಥಾನವಿತ್ತುದೂ ಇದಕ್ಕಾಗಿಯೇ ಇರಬೇಕು. ನೀತಿಯ ಪಾಠವನ್ನು ಒಪ್ಪಿಸುವ ಮಕ್ಕಳು ಬಹಳ ಮಂದಿ ಇದ್ದಾರೆ. ತಂದೆ ಹೆಚ್ಚಿಗೆ ತಂದ ದಿನ, ಅಪ್ಪಾ, ಇದು ಎಲ್ಲಿಂದ ಬಂತು ಎಂದು ವಿನಯದಿಂದ ಕೇಳಬಲ್ಲ ಮಕ್ಕಳು ಬೇಕಾಗಿದ್ದಾರೆ. ಆ ಪ್ರಶ್ನೆಗೆ ಸಿಟ್ಟಾಗದೆ ಉತ್ತರ ಕೊಡಬಲ್ಲ ಹಿರಿಯರೂ ಬೇಕಾಗಿದ್ದಾರೆ. ಅಂಥ ಒಂದು ಪ್ರಶ್ನೆಗೆ ಎಡೆಯಿರುವ ಮನೆಯಲ್ಲಿ ಉಪದೇಶವು ವ್ಯರ್ಥವಾಗದು.