ಮಗಳ ಆಟ ನೋಡಲು ಬಂದವರು

ಆಟ ಆಡುವವರನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಆಟ ನೋಡುವವರನ್ನು ಕುರಿತು ಬರೆದದ್ದು ಕಡಿಮೆ. ನೋಡುವವನು ಕೆಲಸವಿಲ್ಲದವನು ಎಂಬ ಭಾವನೆ ನಮ್ಮ ಹಿರಿಯರಲ್ಲಿತ್ತು. ಮೇಷ್ಟರುಗಳಲ್ಲಂತೂ ಇನ್ನೂ ಒಂದು ಪಾಲು ಹೆಚ್ಚಾಗಿಯೇ ಇತ್ತು. ನನ್ನ ಅಭಿಪ್ರಾಯ ಬೇರೆ. ಶಾಲಾ ಕಾಲೇಜುಗಳ ಆಟ, ಅದರಲ್ಲಿಯೂ ಹೆಣ್ಣುಮಕ್ಕಳ ಆಟ, ಉಳಿಯುವುದೂ ಅಳಿಯುವುದೂ ಬಯಲಿನ ಅಂಚಿನಲ್ಲಿ ಯಾರು ಬಂದು ಕುಳಿತರು ಎಂಬುದನ್ನು ಅವಲಂಬಿಸಿದೆ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನಿಗೆ ಈ ಮಾತು ಮಸುಕಾಗಿ ಹೊಳೆದಿತ್ತು. ಸ್ಪಷ್ಟವಾದದ್ದು 2025ರ ಏಪ್ರಿಲ್ ತಿಂಗಳಿನಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಸಣ್ಣ ಕಾಲೇಜಿನ ಸಾಫ್ಟ್‌ಬಾಲ್ ಮೈದಾನದಲ್ಲಿ, ಬಿಸಿಲಿಗೆ ಕಾದ ಅಲ್ಯೂಮಿನಿಯಂ ಹಲಗೆಯ ಮೇಲೆ ಇಡೀ ಒಂದು ಶನಿವಾರ ಕುಳಿತಿದ್ದಾಗ.

ಸಾಫ್ಟ್‌ಬಾಲ್ ಎಂದರೆ ಏನೆಂದು ಕೇಳುವ ಓದುಗರಿಗಾಗಿ ನಾಲ್ಕು ಮಾತು. ಇದು ಬೇಸ್‌ಬಾಲಿನ ತಂಗಿ. ಹೆಸರಿನಲ್ಲಿ ಮೃದುತ್ವವಿದೆಯೇ ಹೊರತು ಚೆಂಡಿನಲ್ಲಿ ಇಲ್ಲ. ಹನ್ನೆರಡು ಅಂಗುಲ ಸುತ್ತಳತೆಯ, ಹಳದಿ ಬಣ್ಣದ, ಕೆಂಪು ಹೊಲಿಗೆಯ ಚೆಂಡು ಅದು. ತಗುಲಿದರೆ ಎಲುಬು ಮುರಿಯುತ್ತದೆ. ಒಳಾಂಗಣದಲ್ಲಿ ನಿಲ್ಲುವ ಹುಡುಗಿಯರಲ್ಲಿ ಹಲವರು ಮುಖಕ್ಕೆ ಸರಳಿನ ಕವಚ ಕಟ್ಟಿಕೊಂಡಿದ್ದರೆ ಅದು ಅಲಂಕಾರಕ್ಕಲ್ಲ. ಚೆಂಡೆಸೆಯುವವಳು ತೋಳನ್ನು ಗಾಳಿಗಿರಣಿಯಂತೆ ಒಂದು ಪೂರ್ಣ ಸುತ್ತು ತಿರುಗಿಸಿ, ಸೊಂಟದ ಬಳಿಯಿಂದ, ಕೆಳಗಿನಿಂದಲೇ ಚೆಂಡನ್ನು ಬಿಡುತ್ತಾಳೆ. ಅವಳಿಗೂ ದಾಂಡು ಹಿಡಿದವಳಿಗೂ ನಡುವೆ ಇರುವುದು 43 ಅಡಿ. ನಮ್ಮ ಕ್ರಿಕೆಟ್ ಪಿಚ್ 66 ಅಡಿ ಎಂಬುದನ್ನು ನೆನೆದರೆ ಇದರ ಕಷ್ಟ ತಿಳಿಯುತ್ತದೆ. ಒಳ್ಳೆಯ ಎಸೆತಗಾರ್ತಿಯ ಚೆಂಡು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುತ್ತದೆ. ದಾಂಡಿನವಳಿಗೆ ದೊರೆಯುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ಬೇಸಿನಿಂದ ಬೇಸಿಗೆ 60 ಅಡಿ, ಏಳು ಇನ್ನಿಂಗ್ಸ್, ಎರಡು ಗಂಟೆಯ ಆಸುಪಾಸಿನಲ್ಲಿ ಒಂದು ಪಂದ್ಯ ಮುಗಿಯುತ್ತದೆ. ಐದು ಇನ್ನಿಂಗ್ಸ್ ಆದ ಮೇಲೆ ಒಂದು ತಂಡ ಎಂಟು ಓಟಗಳಿಂದ ಮುಂದಿದ್ದರೆ ಆಟವನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಜನ ಇದನ್ನು 'ದಯೆಯ ನಿಯಮ' ಎನ್ನುತ್ತಾರೆ. (ಗಣಿತದ ಪ್ರಶ್ನೆಪತ್ರಿಕೆಗೂ ಇಂಥದೊಂದು ನಿಯಮ ಇರಬೇಕಿತ್ತು ಎಂದು ನನ್ನ ಎಷ್ಟೋ ಶಿಷ್ಯರು ಹೇಳಿಯಾರು.)

ಈ ಆಟದ ಹುಟ್ಟಿನ ಕಥೆಯಂತೂ ನನ್ನ ವಾದಕ್ಕೆ ಹೇಳಿ ಮಾಡಿಸಿದಂತಿದೆ. 1887ರ ನವೆಂಬರಿನಲ್ಲಿ, ಕೃತಜ್ಞತಾ ಹಬ್ಬದ ದಿನ, ಷಿಕಾಗೋ ನಗರದ ಫ್ಯಾರಗಟ್ ದೋಣಿ ಕ್ಲಬ್ಬಿನಲ್ಲಿ ಕೆಲವು ಯುವಕರು ಸೇರಿದ್ದರು. ಅವರು ಆಡಲು ಬಂದವರಲ್ಲ. ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ನಡುವೆ ದೂರದಲ್ಲಿ ನಡೆಯುತ್ತಿದ್ದ ಫುಟ್‌ಬಾಲ್ ಪಂದ್ಯದ ಫಲಿತಾಂಶವನ್ನು ತಂತಿಯ ಮೂಲಕ ತಿಳಿಯಲು ಕಾದು ಕುಳಿತ ಅಭಿಮಾನಿಗಳು. ಫಲಿತಾಂಶ ಬಂದ ಸಡಗರದಲ್ಲಿ ಒಬ್ಬ ಅಲ್ಲಿದ್ದ ಬಾಕ್ಸಿಂಗ್ ಕೈಗವಸನ್ನು ಇನ್ನೊಬ್ಬನತ್ತ ಎಸೆದ. ಅವನು ಕೋಲಿನಿಂದ ಅದನ್ನು ಹೊಡೆದ. ಅದನ್ನು ಕಂಡ ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಕೈಗವಸನ್ನು ಅದರ ದಾರದಿಂದಲೇ ಉಂಡೆಯಾಗಿ ಬಿಗಿದು, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆಟ ಕಟ್ಟಿದ. ಬಹುಕಾಲ ಬೇರೆ ಬೇರೆ ಹೆಸರುಗಳಲ್ಲಿ ಬದುಕಿದ ಆ ಆಟಕ್ಕೆ ಈಗಿನ ಹೆಸರು ಬಂದದ್ದು 1926ರಲ್ಲಿ. ಅಂದರೆ, ಇದು ನೋಡುವವರಿಂದಲೇ ಹುಟ್ಟಿದ ಆಟ!

ಇನ್ನು ಆ ಶನಿವಾರದ ಮಾತು. ಕಾಲೇಜಿನ ಹೆಸರನ್ನು ಬರೆಯುವುದಿಲ್ಲ. ಆ ಮಕ್ಕಳು ಹೆಸರಿಗಾಗಿ ಆಡಿದವರಲ್ಲ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಮೂರು ದರ್ಜೆಗಳಿವೆ. ಮೂರನೆಯ ದರ್ಜೆಯ ಕಾಲೇಜುಗಳು ಕ್ರೀಡೆಗೆಂದು ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ. ನಾನು ಕುಳಿತಿದ್ದದ್ದು ಅಂಥ ಒಂದು ಕಾಲೇಜಿನ ಬಯಲಿನಲ್ಲಿ. ಒಂದೇ ದಿನ, ಅದೇ ಎರಡು ತಂಡಗಳ ನಡುವೆ, ಒಂದರ ಹಿಂದೆ ಒಂದರಂತೆ ಎರಡು ಪಂದ್ಯ. ಪ್ರೇಕ್ಷಕರು ನೂರೈವತ್ತು ಮಂದಿ ಇದ್ದಿರಬಹುದು. ಅವರಲ್ಲಿ ಬಹುಪಾಲು ತಂದೆ ತಾಯಿ, ಅಜ್ಜಿ ತಾತ, ಅಣ್ಣ ತಮ್ಮಂದಿರು. ಮಡಿಸುವ ಕುರ್ಚಿ, ಐಸ್ ತುಂಬಿದ ಪೆಟ್ಟಿಗೆ, ದೊಡ್ಡ ಛತ್ರಿ — ನಮ್ಮ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಟವರ ಸಿದ್ಧತೆಯೇ ಸರಿ. ಎಲ್ಲರ ಬಾಯಲ್ಲೂ ಸೂರ್ಯಕಾಂತಿ ಬೀಜ. ನಮ್ಮೂರ ಟೂರಿಂಗ್ ಟಾಕೀಸಿನ ಕಡಲೆಕಾಯಿ ಸಿಪ್ಪೆಯ ಹಾಗೆ ಅದರ ಸಿಪ್ಪೆ ಕಾಲಕೆಳಗೆ ಹಾಸಿತ್ತು.

ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಮಹಿಳೆ ಕುಳಿತಿದ್ದರು. ತೊಡೆಯ ಮೇಲೆ ಅಂಕ ಬರೆಯುವ ಪುಸ್ತಕ, ಕೈಯಲ್ಲಿ ಸೀಸದ ಕಡ್ಡಿ. ಪ್ರತಿಯೊಂದು ಎಸೆತವನ್ನೂ ಚಿಕ್ಕ ಚಿಕ್ಕ ಗುರುತುಗಳಿಂದ ದಾಖಲಿಸುತ್ತಿದ್ದರು. ಮೈದಾನದಲ್ಲಿ ವಿದ್ಯುತ್ ಫಲಕ ಇರುವಾಗ ಇದೇಕೆ ಎಂದು ಮೊಮ್ಮಗಳ ಮೂಲಕ ಕೇಳಿಸಿದೆ. ಫಲಕವು ಆಟ ಮುಗಿದ ಕೂಡಲೇ ಆರಿಹೋಗುತ್ತದೆ, ಈ ಪುಸ್ತಕವನ್ನು ಮದುವೆಯ ದಿನ ಮೊಮ್ಮಗಳಿಗೆ ಕೊಡುತ್ತೇನೆ ಎಂಬರ್ಥದಲ್ಲಿ ಆಕೆ ಉತ್ತರಿಸಿದರು.

ಹನ್ನೊಂದು ವರ್ಷದ ನನ್ನ ಮೊಮ್ಮಗಳೇ ಅಂದು ನನಗೆ ಗುರು. "ತಾತ, ಮೂರು ಸಲ ತಪ್ಪಿಸಿಕೊಂಡರೆ ಔಟು. ಆದರೆ ಮೂರನೇ ಸಲ ಹಿಂದೆ ನಿಂತವಳು ಚೆಂಡು ಬಿಟ್ಟುಬಿಟ್ಟರೆ ಕೆಲವು ಸಲ ಓಡಬಹುದು." ಸೋತವಳಿಗೂ ಓಡಲು ಒಂದು ದಾರಿ ಬಿಟ್ಟ ಈ ನಿಯಮ ನನಗೆ ಬಹಳ ಹಿಡಿಸಿತು. ಇನ್ನೊಂದು ಹಿಡಿಸಿದ್ದು ಬೆಂಚಿನ ಹುಡುಗಿಯರ ಹಾಡು. ಆಡದೆ ಕುಳಿತವರು ಸುಮ್ಮನೆ ಕೂರುವುದಿಲ್ಲ. ದಾಂಡು ಹಿಡಿದು ಹೋದ ಪ್ರತಿಯೊಬ್ಬಳಿಗೂ ತಾಳ ಹಾಕಿ, ಹೆಸರು ಕೂಗಿ, ಪ್ರಾಸ ಕಟ್ಟಿ ಹಾಡುತ್ತಾರೆ. ನಮ್ಮ ಸೋಬಾನೆ ಹಾಡುವ ಹೆಂಗಸರನ್ನು ಕಂಡಂತಾಯಿತು. ಪುರುಷರ ಬೇಸ್‌ಬಾಲಿನಲ್ಲಿ ಇಷ್ಟು ಹಾಡಿಲ್ಲವಂತೆ. ಅದು ಅವರ ನಷ್ಟ.

ಅಂದು ಅವರ ಊರಿನ ಮೈದಾನದಲ್ಲಿ ಆ ಋತುವಿನ ಕೊನೆಯ ಪಂದ್ಯಗಳ ದಿನವಾಗಿತ್ತು. ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ಅಂತಿಮ ವರ್ಷದ ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದರು. ಒಬ್ಬೊಬ್ಬಳೂ ಎಡಗೈ ತಾಯಿಗೆ, ಬಲಗೈ ತಂದೆಗೆ ಕೊಟ್ಟು, ಕೆಮ್ಮಣ್ಣಿನ ಮೇಲೆ ನಡೆದು ಬಂದಳು. ಧ್ವನಿವರ್ಧಕದಲ್ಲಿ ಅವಳ ಓದಿನ ವಿಷಯ, ಮುಂದೆ ಮಾಡಲಿರುವ ಕೆಲಸ ಹೇಳಿದರು: ಒಬ್ಬಳು ದಾದಿ, ಒಬ್ಬಳು ಲೆಕ್ಕಪತ್ರದವಳು, ಇಬ್ಬರು ಶಾಲಾ ಶಿಕ್ಷಕಿಯರು. ಇವರಲ್ಲಿ ಯಾರೂ ಮುಂದೆ ಈ ಆಟವನ್ನು ವೃತ್ತಿಯಾಗಿ ಆಡುವವರಲ್ಲ. ಒಬ್ಬ ತಂದೆ, ಲಾರಿ ಚಾಲಕರಂತೆ, ಮಗಳ ಅಂಗಿಯ ಸಂಖ್ಯೆಯನ್ನೇ ತಮ್ಮ ಟೋಪಿಯ ಮೇಲೆ ಹೊಲಿಸಿಕೊಂಡಿದ್ದರು. ಮಗಳ ಕೈ ಹಿಡಿದು ನಡೆಯುವಾಗ ಅವರು ನೆಲವನ್ನೇ ನೋಡುತ್ತಿದ್ದರು. ಕಣ್ಣೀರು ಮರೆಸುವ ಉಪಾಯ ಎಲ್ಲ ದೇಶದ ಗಂಡಸರಿಗೂ ಒಂದೇ ಎಂದು ಕಾಣುತ್ತದೆ.

ಇದೆಲ್ಲ ತಾನಾಗಿ ಬಂದದ್ದೆಂದು ಓದುಗರು ತಿಳಿಯಬಾರದು. 1972ರ ಜೂನ್ 23ರಂದು ಅಮೆರಿಕದಲ್ಲಿ ಒಂದು ಕಾನೂನು ಬಂದಿತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಕಾರಣದಿಂದ ಯಾರನ್ನೂ ಹೊರಗಿಡಬಾರದು ಎಂಬುದು ಅದರ ತಿರುಳು. 'ಟೈಟಲ್ ನೈನ್' ಎಂಬುದು ಅದರ ಬಳಕೆಯ ಹೆಸರು. ಅದಕ್ಕಾಗಿ ದುಡಿದವರಲ್ಲಿ ಪ್ರಮುಖರಾದ ಪ್ಯಾಟ್ಸಿ ಮಿಂಕ್, ಹವಾಯಿಯಿಂದ ಆಯ್ಕೆಯಾಗಿದ್ದ ಸಂಸದೆ. ಸೋಜಿಗವೆಂದರೆ ಆ ಮೂಲ ವಾಕ್ಯದಲ್ಲಿ ಆಟ ಎಂಬ ಪದವೇ ಇಲ್ಲ. ಆದರೂ ಕಾನೂನು ಬರುವ ಮುನ್ನ ಅಲ್ಲಿನ ಪ್ರೌಢಶಾಲೆಗಳಲ್ಲಿ ಆಡುತ್ತಿದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. ಇಂದು ಮೂವತ್ತು ಲಕ್ಷವನ್ನು ಮೀರಿದ್ದಾರೆ. 1982ರಲ್ಲಿ ಕಾಲೇಜು ಸಾಫ್ಟ್‌ಬಾಲಿನ ಮೊದಲ ಎನ್‌ಸಿಎಎ ಚಾಂಪಿಯನ್‌ಷಿಪ್ ನಡೆಯಿತು. ಈಗ ಓಕ್ಲಹೋಮಾ ನಗರದಲ್ಲಿ ನಡೆಯುವ ಅದರ ಅಂತಿಮ ಸುತ್ತಿಗೆ ದಿನಕ್ಕೆ ಹನ್ನೆರಡು ಸಾವಿರ ಜನ ಟಿಕೆಟ್ ಕೊಂಡು ಬರುತ್ತಾರೆ.

ಆ ದೊಡ್ಡ ಆಟವನ್ನು ಆಮೇಲೆ ಮಗಳ ಮನೆಯ ದೂರದರ್ಶನದಲ್ಲಿ ನೋಡಿದೆ. 2025ರ ಫೈನಲ್ ಸರಣಿಯಲ್ಲಿ ಟೆಕ್ಸಾಸ್ ಮತ್ತು ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯಗಳು ಎದುರಾದವು. ಮೊದಲ ಪಂದ್ಯದಲ್ಲಿ ಟೆಕ್‌ನ ಪ್ರಖ್ಯಾತ ಎಸೆತಗಾರ್ತಿ ನಿಜೆರಿ ಕ್ಯಾನಡಿ, ಅಪಾಯಕಾರಿ ಬ್ಯಾಟುಗಾರ್ತಿಯನ್ನು ಬೇಕೆಂದೇ ಮೊದಲ ಬೇಸಿಗೆ ಕಳುಹಿಸಿಬಿಡಲು ಹೊರಗೆ ಚೆಂಡೆಸೆಯುತ್ತಿದ್ದಳು. ಒಂದು ಎಸೆತ ಸಾಕಷ್ಟು ಹೊರಗೆ ಹೋಗಲಿಲ್ಲ. ರೀಸ್ ಆಟ್‌ವುಡ್ ಕೈಚಾಚಿ ಬಾರಿಸಿ ಎರಡು ಓಟ ತಂದಳು. 2-1ರಿಂದ ಪಂದ್ಯ ಟೆಕ್ಸಾಸಿನದಾಯಿತು. ಮೂರನೆಯ ಪಂದ್ಯವನ್ನು 10-4ರಿಂದ ಗೆದ್ದು ಆ ವಿಶ್ವವಿದ್ಯಾಲಯ ಮೊದಲ ಬಾರಿ ಪ್ರಶಸ್ತಿ ಪಡೆಯಿತು. ಕ್ಯಾನಡಿಗೆ ಟೆಕ್ ಸೇರಿದ ವರ್ಷ ದೊರೆತ ಒಪ್ಪಂದ ಹತ್ತು ಲಕ್ಷ ಡಾಲರಿಗೂ ಮೇಲು. ಹುಡುಗರಿಗೆ ಸಿಗುವ ಹಣ ಹುಡುಗಿಗೂ ಸಿಕ್ಕಿತಲ್ಲ ಎಂದು ಸಂತೋಷಪಡುವವರಿದ್ದಾರೆ. ನನಗೆ ಅರ್ಧ ಸಂತೋಷ. ಹಣ ಬಂದ ಕಡೆ ಚಿಕ್ಕ ಮಕ್ಕಳ ತಂದೆತಾಯಿಗಳು ಲೆಕ್ಕ ಹಾಕತೊಡಗುತ್ತಾರೆ. ವಾರಾಂತ್ಯದ ಖಾಸಗಿ ತಂಡಗಳಿಗೆ, ಪ್ರಯಾಣಕ್ಕೆ, ತರಬೇತಿಗೆ ಅಲ್ಲಿನ ಮಧ್ಯಮವರ್ಗ ಸುರಿಯುವ ಹಣವನ್ನು ನನ್ನ ಅಳಿಯ ವಿವರಿಸಿದಾಗ, ನಮ್ಮ ಸಿಇಟಿ ಕೋಚಿಂಗ್ ನೆನಪಾಯಿತು. ಇನ್ನೊಂದು ಸಂಗತಿ: 1972ಕ್ಕೆ ಮುಂಚೆ ಅಲ್ಲಿ ಮಹಿಳಾ ಕಾಲೇಜು ತಂಡಗಳ ತರಬೇತುದಾರರಲ್ಲಿ ನೂರಕ್ಕೆ ತೊಂಬತ್ತು ಮಂದಿ ಹೆಂಗಸರೇ ಇದ್ದರು, ಸಂಬಳ, ಗೌರವ ಹೆಚ್ಚಿದ ಮೇಲೆ ಅದು ಅರ್ಧಕ್ಕಿಂತ ಕೆಳಗಿಳಿದಿದೆ. ಆದ್ದರಿಂದ ಅಮೆರಿಕವನ್ನು ಕಣ್ಣುಮುಚ್ಚಿ ಹೊಗಳುವುದು ನನ್ನ ಉದ್ದೇಶವಲ್ಲ. ಆ ನೂರೈವತ್ತು ಮಂದಿಯನ್ನು ಮಾತ್ರ ಹೊಗಳುತ್ತೇನೆ.

ನಮ್ಮಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ತಾಯಂದಿರು ರೇಷ್ಮೆ ಸೀರೆ ಉಟ್ಟು ಬರುತ್ತಾರೆ. ಮಗಳು ಮೂರು ನಿಮಿಷ ಕುಣಿದದ್ದನ್ನು ಕಂಡು ಕಣ್ತುಂಬಿಕೊಳ್ಳುತ್ತಾರೆ. ಅದೇ ಮಗಳು ಹೋಬಳಿ ಕ್ರೀಡಾಕೂಟದಲ್ಲಿ ಖೋ ಖೋ ಆಡುವಾಗ ಬಯಲಿನ ಅಂಚಿನಲ್ಲಿರುವವರು ದೈಹಿಕ ಶಿಕ್ಷಕರು, ಚೀಲ ಕಾಯುವ ಇಬ್ಬರು ಗೆಳತಿಯರು, ಬಸ್ಸಿಗೆ ಕಾಯುತ್ತಾ ಬೇಲಿಗೆ ಒರಗಿ ನಿಂತ ಪಡ್ಡೆ ಹುಡುಗರು. ಮೊದಲಿಬ್ಬರಿಗೆ ಬಿಡುವಿಲ್ಲ, ಮೂರನೆಯವರು ನೋಡುವುದು ಆಟವನ್ನಲ್ಲ. ಒಂಬತ್ತನೆಯ ತರಗತಿಯ ಹುಡುಗಿ "ಸಾರ್, ನಾನು ಈ ವರ್ಷ ಆಡಲ್ಲ" ಎನ್ನುವುದರ ಹಿಂದೆ ಹಲವು ಕಾರಣಗಳಿರುತ್ತವೆ. ಬಟ್ಟೆ ಬದಲಿಸಲು ಕೋಣೆಯಿಲ್ಲ, ಶೌಚಾಲಯವಿಲ್ಲ, ಕತ್ತಲಾಗುವ ಮುನ್ನ ಬಸ್ಸಿಲ್ಲ. ಇವೆಲ್ಲ ನಿಜ. ಇವುಗಳ ಜೊತೆಗೆ ಆ ಬೇಲಿಯೂ ಒಂದು ಕಾರಣ. ಅಪ್ಪ ಅಮ್ಮ ಕುಳಿತ ಕಡೆ ಬೇಲಿಯ ಮಾತುಗಳು ತಾವಾಗಿ ನಿಲ್ಲುತ್ತವೆ ಎಂಬುದು ನನ್ನ ಬಲವಾದ ನಂಬಿಕೆ.

ಎಂಬತ್ತರ ದಶಕದಲ್ಲಿ ನಮ್ಮ ಶಾಲೆಯ ಖೋ ಖೋ ತಂಡಕ್ಕೆ ಒಬ್ಬ ಹುಡುಗಿ ನಾಯಕಿಯಾಗಿದ್ದಳು. ಹೆಸರು ಬೇಡ. ಕಂಬ ತಿರುಗುವಾಗ ಅವಳ ಕಾಲು ನೆಲಕ್ಕೆ ತಗುಲುತ್ತಿತ್ತೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು. ಜಿಲ್ಲಾ ಮಟ್ಟದವರೆಗೆ ತಂಡವನ್ನು ಒಯ್ದಳು. ಎಸ್ಸೆಸ್ಸೆಲ್ಸಿ ಮುಗಿದ ಮರುವರ್ಷವೇ ಮದುವೆ. ಲಗ್ನಪತ್ರಿಕೆ ಕೊಡಲು ಬಂದ ಅವಳ ತಾಯಿ, ಸೆರಗಿನಲ್ಲಿ ಸುತ್ತಿ ತಂದಿದ್ದ ಎರಡು ಲೋಟಾಕಾರದ ಕಪ್ಪುಗಳನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು: "ಇವನ್ನ ಗಂಡನ ಮನೆಗೆ ಕಳಿಸಬೇಕೋ ಬೇಡವೋ ತಿಳೀದು ಸಾಮಿ. ಇವು ಬರೋ ಹಂಗೆ ನಮ್ಮ ಹುಡುಗಿ ಏನು ಮಾಡಿದ್ಲು? ಒಂದ್ಕಿತ ಹೇಳಿ." ನಾನು ಹೇಳಿದೆ. ಎದ್ದು ನಿಂತು, ಎರಡು ಕುರ್ಚಿಗಳನ್ನು ಕಂಬಗಳೆಂದು ಇಟ್ಟು, ತೋರಿಸಿದೆ. ಆಕೆ ಬಹಳ ಹೊತ್ತು ಕುರ್ಚಿಗಳನ್ನೇ ನೋಡುತ್ತಿದ್ದರು. ಶಾಲೆಯಿಂದ ಅವರ ಮನೆ ಒಂದೂವರೆ ಮೈಲಿ ದೂರವಿತ್ತು, ಅಷ್ಟೇ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ನಮ್ಮ ಹೆಣ್ಣುಮಕ್ಕಳು ಫೈನಲಿನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳೆಂಬುದನ್ನು ಓದಿ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ವಿಶ್ವಕಪ್ಪನ್ನು ನೋಡಲು ಲಕ್ಷಾಂತರ ಕಣ್ಣುಗಳಿವೆ. ನಾನು ಕೇಳುತ್ತಿರುವುದು ಹೋಬಳಿ ಪಂದ್ಯಕ್ಕೆ ಇಪ್ಪತ್ತು ಕಣ್ಣುಗಳನ್ನು.

ಇದನ್ನು ಮುಖ್ಯೋಪಾಧ್ಯಾಯರಾಗಿರುವ ನನ್ನ ಶಿಷ್ಯರೊಬ್ಬರಿಗೆ ಹೇಳಿದೆ. ಕೂಲಿಗೆ ಹೋಗುವವರು ಒಂದು ದಿನದ ಸಂಬಳ ಬಿಟ್ಟು ಬರುತ್ತಾರೆಯೇ ಸಾರ್ ಎಂದರು. ನ್ಯಾಯವಾದ ಪ್ರಶ್ನೆ. ಪಂದ್ಯಗಳನ್ನು ಭಾನುವಾರಕ್ಕೆ, ಇಲ್ಲವೇ ಆ ಊರಿನ ಸಂತೆಯ ದಿನಕ್ಕೆ ಇಟ್ಟುಕೊಳ್ಳಿ, ಹೇಗೂ ಪೇಟೆಗೆ ಬಂದವರು ಅರ್ಧ ಗಂಟೆ ನಿಲ್ಲುತ್ತಾರೆ ಎಂದೆ. ಲಗ್ನಪತ್ರಿಕೆಯ ಮಾದರಿಯಲ್ಲಿ, ಮಗಳ ಹೆಸರು ಬರೆದ ಒಂದು ಚೀಟಿ ಮನೆಗೆ ಹೋಗಲಿ. ಅದನ್ನು ಬರೆಯುವುದು ಅದೇ ಮಗಳ ಕೈಯಿಂದಾಗಲಿ. ಶಾಮಿಯಾನದ ಬಾಡಿಗೆಗೆ ಯಾವ ಲೆಕ್ಕದಲ್ಲಿ ಹಣ ತೆಗೆಯಲಿ ಎಂಬುದು ಅವರ ಮುಂದಿನ ಪ್ರಶ್ನೆ. ಆ ಮೈದಾನದ ಪಶ್ಚಿಮಕ್ಕೆ ಸಾಲಾಗಿ ಐದು ಹೊಂಗೆ ಮರಗಳಿವೆ. ನಾವೇ ಮಕ್ಕಳ ಕೈಯಲ್ಲಿ ನೆಡಿಸಿದ್ದು.